ದೇವರ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆಯುವುದು ಹೇಗೆ?

ಒಬ್ಬರು ಹೇಗೆ ಬದುಕುತ್ತಿದ್ದಾರೆ ಎಂದು ತಿಳಿಯಬೇಕಾದರೆ ಕನ್ನಡದಲ್ಲಿ ಅವರ ನಡತೆ ಹೇಗೆ ಎಂದು ಕೇಳುತ್ತೇವೆ. ನಡೆ-ನುಡಿ, ನಡವಳಿಕೆ, ನಡೆದುಕೊಳ್ಳುವುದು, ಈ ಮಾತೆಲ್ಲ ಕಾಲಿನಿಂದಲೇ ಹುಟ್ಟಿದವು. ಸತ್ಯವೇದದ ಮೂಲ ಭಾಷೆಗಳಲ್ಲೂ ಹೀಗೇ ಇದೆ. ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ 'ಹಾಲಖ್' ಎಂದರೆ ನಡೆ. ಬದುಕುವ ರೀತಿಗೂ ಅದೇ ಮಾತು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅಪೊಸ್ತಲ ಪೌಲನು ಬಳಸುವ 'ಪೆರಿಪತೇಯೊ' ಕೂಡ ಸುತ್ತ ನಡೆದಾಡುವುದನ್ನೇ ಹೇಳುತ್ತದೆ. ಮೊದಲ ಕ್ರೈಸ್ತರನ್ನು ಜನ 'ಈ ಮಾರ್ಗದವರು' ಎಂದು ಕರೆದದ್ದೂ ಸುಮ್ಮನೆ ಅಲ್ಲ (ಅಪೊಸ್ತಲರ ಕೃತ್ಯಗಳು 9:2).

ಹನೋಕನು ದೇವರೊಂದಿಗೆ ನಡೆದನೆಂದು ಆದಿಕಾಂಡ 5ನೇ ಅಧ್ಯಾಯ ಎರಡು ಸಲ ಹೇಳುತ್ತದೆ. ಅಲ್ಲಿರುವ ಹೀಬ್ರೂ ಕ್ರಿಯಾರೂಪಕ್ಕೆ ಒಮ್ಮೆ ಹೊರಟು ಊರು ಮುಟ್ಟುವುದು ಎಂಬ ಅರ್ಥವಿಲ್ಲ. ಅತ್ತಿಂದಿತ್ತ ಮತ್ತೆ ಮತ್ತೆ ನಡೆಯುವುದು ಅದರ ಅರ್ಥ. ನಮ್ಮ 'ನಡೆದಾಡು', 'ಓಡಾಡು' ಅದಕ್ಕೆ ಬಹಳ ಹತ್ತಿರ. ಏದೆನ್ ತೋಟದಲ್ಲಿ ತಂಗಾಳಿಯ ಹೊತ್ತಿಗೆ ದೇವರು ಸಂಚರಿಸುವ ಸಪ್ಪಳ ಕೇಳಿಸಿತು ಎನ್ನುವಲ್ಲೂ (ಆದಿಕಾಂಡ 3:8) ಇದೇ ರೂಪವಿದೆ. ಅಂದರೆ ದೇವರೊಂದಿಗೆ ನಡೆಯುವುದು ಒಂದು ಒಡನಾಟ. ಹನೋಕನು 65ನೇ ವಯಸ್ಸಿನಲ್ಲಿ ಮೆತೂಷೆಲಹನನ್ನು ಪಡೆದ ಮೇಲೆ 300 ವರ್ಷ ಹೀಗೆ ನಡೆದ. ಆ ವರ್ಷಗಳಲ್ಲೇ ಇನ್ನೂ ಗಂಡು ಹೆಣ್ಣು ಮಕ್ಕಳನ್ನು ಪಡೆದ. ಮನೆ, ಮಕ್ಕಳು, ದುಡಿಮೆಯ ನಡುವೆ ಆದ ನಡಿಗೆ ಅದು.

ಈ ನಡಿಗೆಯಲ್ಲಿ ಸೋತವರನ್ನು ಗಮನಿಸಿದರೆ, ದಿಕ್ಕು ತಪ್ಪಿದವರಿಗಿಂತ ವೇಗ ತಪ್ಪಿದವರೇ ಹೆಚ್ಚು. ಕೆಲವರು ದೇವರಿಗಿಂತ ಮುಂದೆ ಓಡುತ್ತಾರೆ, ಕೆಲವರು ತಿಳಿದ ಹೆಜ್ಜೆಯನ್ನೂ ಇಡದೆ ನಿಂತುಬಿಡುತ್ತಾರೆ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಏನು ಮಾಡಬೇಕು ಎನ್ನುವುದರ ಜೊತೆ ಎಷ್ಟು ಮಾಡಬೇಕು, ಎಲ್ಲಿ ನಿಲ್ಲಬೇಕು ಎನ್ನುವುದನ್ನೂ ಹೇಳಿದ್ದೇವೆ.

ಹೊರಡುವ ಮುನ್ನ

ಇಬ್ಬರು ಒಪ್ಪಿಕೊಳ್ಳದೆ ಜೊತೆಯಾಗಿ ನಡೆದಾರೇ ಎಂದು ಆಮೋಸನು ಕೇಳುತ್ತಾನೆ (3:3). ಮೊದಲ ಕೆಲಸ ಈ ಒಪ್ಪಿಗೆ. ನನ್ನ ದಾರಿಯನ್ನು ಬಿಟ್ಟು ಕ್ರಿಸ್ತನ ದಾರಿಗೆ ತಿರುಗುತ್ತೇನೆ ಎನ್ನುವುದೇ ಪಶ್ಚಾತ್ತಾಪ. ಅದಿನ್ನೂ ಆಗಿಲ್ಲದಿದ್ದರೆ, ದೀಕ್ಷಾಸ್ನಾನದ ಬಗ್ಗೆ ಪ್ರಶ್ನೆಗಳಿದ್ದರೆ, ಮೊದಲು ಒಬ್ಬ ಸಭಾಪಾಲಕರ ಜೊತೆ ಕೂತು ಮಾತಾಡಿ. ಮುಂದಿನ ಯಾವ ಅಭ್ಯಾಸವೂ ಅದಕ್ಕೆ ಬದಲಿಯಾಗದು.

ಇಲ್ಲಿ ಕ್ರಮ ತಲೆಕೆಳಗಾಗದಿರಲಿ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಕೃಪೆಯಿಂದ ರಕ್ಷಣೆ ಎಂಬ ಮಾತು 8ನೇ ವಚನದಲ್ಲಿದೆ, ಸತ್ಕಾರ್ಯಗಳಲ್ಲಿ ನಡೆಯುವ ಮಾತು 10ನೇ ವಚನದಲ್ಲಿದೆ. ನಡೆದು ನಡೆದು ದೇವರ ಮೆಚ್ಚಿಗೆ ಸಂಪಾದಿಸುತ್ತೇನೆ ಎಂದು ಹೊರಟವರು ಒಳ್ಳೆಯ ದಿನಗಳಲ್ಲಿ ಬೀಗುತ್ತಾರೆ, ಕೆಟ್ಟ ದಿನಗಳಲ್ಲಿ ಪ್ರಾರ್ಥನೆಗೇ ಮುಖ ತೋರಿಸುವುದಿಲ್ಲ. ಮಗು ನಡೆಯಲು ಕಲಿಯುವುದು ಮನೆಯ ಮಗುವಾದ ಮೇಲೆ.

ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆಯಿರಿ. ಇಬ್ರಿಯರಿಗೆ 12:1 ಪಾಪವನ್ನೂ ಹೊರೆಯನ್ನೂ ಬೇರೆ ಬೇರೆ ಹೆಸರಿಸುತ್ತದೆ, ನೀವೂ ಹಾಗೇ ಮಾಡಿ. ಒಂದರಲ್ಲಿ ಬಿಡಲೇಬೇಕಾದ ತಪ್ಪುಗಳು. ಇನ್ನೊಂದರಲ್ಲಿ ತಪ್ಪಲ್ಲದಿದ್ದರೂ ಕಾಲೆಳೆಯುವ ಸಂಗತಿಗಳು: ನಡುರಾತ್ರಿಯವರೆಗೆ ಫೋನ್ ನೋಡುವುದು, ಇಲ್ಲ ಎನ್ನಲಾಗದೆ ಒಪ್ಪಿಕೊಂಡ ಕೆಲಸಗಳು. ಎರಡನೆಯ ಪಟ್ಟಿಯನ್ನು ಬಹಳ ಜನ ಬರೆಯುವುದೇ ಇಲ್ಲ. ಬೆಳಗಿನ ಪ್ರಾರ್ಥನೆ ನಿಂತುಹೋಗುವುದು ಎಷ್ಟೋ ಸಲ ಹಿಂದಿನ ರಾತ್ರಿ ಮಲಗಿದ ಹೊತ್ತಿನಿಂದ.

ಬೆಳಗಿನ ಬುತ್ತಿ: 15 ನಿಮಿಷ

ಶುರುವಿನಲ್ಲಿ 15 ನಿಮಿಷ ಸಾಕು. ಮೊದಲ ವಾರ ಒಂದು ಗಂಟೆ ಕೂತವರು ಮೂರನೇ ವಾರಕ್ಕೆ ಸಂಪೂರ್ಣ ಬಿಟ್ಟುಬಿಡುವುದು ಸಾಮಾನ್ಯ.

ಮೊದಲ 2 ನಿಮಿಷ ಸುಮ್ಮನಿರಿ, ಉಸಿರು ನಿಧಾನವಾಗಲಿ, "ಕರ್ತನೇ, ಇಲ್ಲಿದ್ದೇನೆ" ಎಂದಷ್ಟೇ ಹೇಳಿ. ಮುಂದಿನ 8 ನಿಮಿಷ ಓದು. ಉಳಿದ 5 ನಿಮಿಷ ಪ್ರಾರ್ಥನೆ.

ಓದನ್ನು ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ 15 ವಚನದಂತೆ ಓದಿದರೆ ಸುಮಾರು ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಒಂದೇ ವರ್ಷದಲ್ಲಿ ಇಡೀ ಸತ್ಯವೇದ ಓದಬೇಕೆಂಬ ಹುಮ್ಮಸ್ಸು ಒಳ್ಳೆಯದೇ, ಆದರೆ ಲೆಕ್ಕ ನೋಡಿ: ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಹೆಚ್ಚು. ಆದಿಕಾಂಡದ 50, ವಿಮೋಚನಕಾಂಡದ 40 ಮುಗಿಸಿ ಮೊದಲ ತಿಂಗಳ ಕೊನೆಗೆ ಯಾಜಕಕಾಂಡಕ್ಕೆ ಬರುತ್ತೀರಿ. ಬಲಿಗಳ ವಿವರ, ಚರ್ಮರೋಗದ ನಿಯಮ. ಹೊಸಬರ ಕಾಲು ಅಲ್ಲೇ ಹೂತುಹೋಗುತ್ತದೆ. ಆ ಓದು ಎರಡನೇ ವರ್ಷಕ್ಕಿರಲಿ.

ಒಂದು ಭಾಗವನ್ನು ಎರಡು ಸಲ ಓದಿ. ಎರಡನೆಯ ಸಲ ಬಾಯಿಬಿಟ್ಟು ಓದಿ. ಗಟ್ಟಿಯಾಗಿ ಓದುವಾಗ ಕಣ್ಣು ವಚನಗಳನ್ನು ಹಾರಿಸಿಕೊಂಡು ಹೋಗಲಾರದು. ಮನಸ್ಸು ತಡೆದು ನಿಂತ ಒಂದು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಎರಡೇ ಪ್ರಶ್ನೆ: ಯೇಸು ಇಲ್ಲಿ ಏನು ಮಾಡುತ್ತಿದ್ದಾನೆ? ಇವತ್ತು ನಾನು ಇಡಬೇಕಾದ ಒಂದು ಹೆಜ್ಜೆ ಯಾವುದು?

ಮಾರ್ಕ 1:35-38 ನೋಡಿ. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದಾನೆ. ಹಿಂದಿನ ಸಂಜೆ ಮನೆಯ ಬಾಗಿಲಿಗೆ ಊರಿಗೆ ಊರೇ ಬಂದಿತ್ತು. ಸೀಮೋನನು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎನ್ನುತ್ತಾನೆ. ಯೇಸು ಆ ಬಾಗಿಲಿಗೆ ಹಿಂತಿರುಗುವುದಿಲ್ಲ, ಬೇರೆ ಊರುಗಳಿಗೆ ಹೋಗೋಣ ಎನ್ನುತ್ತಾನೆ. ಇಲ್ಲಿಂದ ಹೊರಡುವ ಹೆಜ್ಜೆ "ಹೆಚ್ಚು ಪ್ರಾರ್ಥಿಸಬೇಕು" ಎಂದಾದರೆ ಅದರಿಂದ ಏನೂ ಆಗದು, ಅದಕ್ಕೆ ಹೊತ್ತೂ ಇಲ್ಲ ಜಾಗವೂ ಇಲ್ಲ. "ಇವತ್ತು ಪ್ರಾರ್ಥನೆ ಮುಗಿಯುವವರೆಗೆ ಯಾರ ಮೆಸೇಜಿಗೂ ಉತ್ತರ ಕೊಡುವುದಿಲ್ಲ" ಎಂದಾದರೆ ಅದು ಹೆಜ್ಜೆ. ರಾತ್ರಿ ಹಿಂತಿರುಗಿ ನೋಡಿದಾಗ ಇಟ್ಟೆನೋ ಇಲ್ಲವೋ ಎಂದು ಹೇಳಲು ಬರಬೇಕು, ಅದೇ ಅಳತೆ.

ದೇವರ ವಾಕ್ಯ ಕಾಲಿಗೆ ದೀಪ ಎನ್ನುತ್ತದೆ ಕೀರ್ತನೆ 119:105. ಕೈಯಲ್ಲಿ ಹಿಡಿದ ಮಣ್ಣಿನ ದೀಪ ಮುಂದಿನ ಒಂದೆರಡು ಹೆಜ್ಜೆಗಷ್ಟೇ ಬೆಳಕು ಚೆಲ್ಲುತ್ತದೆ. ಐದು ವರ್ಷದಾಚೆಯದು ಕಾಣಿಸಲಿಲ್ಲವೆಂದು ದೀಪವನ್ನು ಬೈಯುವಂತಿಲ್ಲ.

ಎಮ್ಮಾಹುವಿನ ದಾರಿ: ಮಾತಾಡುವುದು ಹೇಗೆ

ಪ್ರಾರ್ಥನೆಯಲ್ಲಿ ಏನು ಹೇಳಬೇಕೆಂದು ತಿಳಿಯದವರು ಲೂಕ 24:13-35 ಅನ್ನು ನಿಧಾನವಾಗಿ ಓದಬೇಕು. ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹುವಿಗೆ ಹೋಗುತ್ತಿದ್ದಾರೆ. ದೂರ 60 ಸ್ತಾದಿ, ಸುಮಾರು 11 ಕಿಲೋಮೀಟರ್, ಎರಡು ಎರಡೂವರೆ ಗಂಟೆಯ ದಾರಿ. ಪುನರುತ್ಥಾನದ ದಿನವೇ ಅವರು ನಿರಾಶೆಯಿಂದ ಊರು ಬಿಟ್ಟು ಹೊರಟಿದ್ದಾರೆ. ಯೇಸು ಅವರನ್ನು ತಡೆದು ನಿಲ್ಲಿಸಲಿಲ್ಲ. ತಪ್ಪು ದಿಕ್ಕಿಗೆ ಹೊರಟವರ ಪಕ್ಕಕ್ಕೆ ಬಂದು ಅವರ ವೇಗದಲ್ಲೇ ನಡೆದನು. ಈ ಒಂದು ಸಂಗತಿಯನ್ನು ನಾವು ಎಷ್ಟು ಸಲ ಓದಿದರೂ ಮನಸ್ಸು ತುಂಬುವುದಿಲ್ಲ.

ಅಲ್ಲಿ ನಡೆದ ಸಂಗತಿಗಳನ್ನು ಅದೇ ಕ್ರಮದಲ್ಲಿ ನಿಮ್ಮ ಪ್ರಾರ್ಥನೆಗೆ ತನ್ನಿ.

ಆತನು ಮೊದಲು ಕೇಳಿದ್ದು, ದಾರಿಯಲ್ಲಿ ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು. ಆತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವರ ಬಾಯಿಂದ ಬರಲೆಂದು ಕೇಳಿದನು. ಆದ್ದರಿಂದ ತಲೆಯಲ್ಲಿ ನಿಜವಾಗಿ ಓಡುತ್ತಿರುವುದನ್ನೇ ಮೊದಲು ಹೇಳಿ, ಹೇಳಬೇಕಾದದ್ದು ಎಂದು ಅನ್ನಿಸಿದ್ದನ್ನಲ್ಲ. ಸಾಲದ ಕಂತು ತಲೆ ತಿನ್ನುತ್ತಿದ್ದರೆ ಅದನ್ನೇ ಹೇಳಿ.

ಎರಡನೆಯದು, ಅವರು "ನಾವು ನಿರೀಕ್ಷಿಸಿಕೊಂಡಿದ್ದೆವು" ಎಂಬರ್ಥದ ಮಾತು ಆಡುತ್ತಾರೆ (24:21). ಮುರಿದ ನಿರೀಕ್ಷೆಯನ್ನು ಆತನ ಮುಖದೆದುರೇ ಹೇಳಿದರು. ನೀವೂ "ಇದಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ" ಎಂಬ ವಾಕ್ಯವನ್ನು ಪೂರ್ತಿ ಮಾಡಿ ಹೇಳಿ. ಇದನ್ನು ನುಂಗಿಕೊಂಡವರ ಪ್ರಾರ್ಥನೆ ಕೆಲವು ತಿಂಗಳಲ್ಲಿ ಬಾಯಿಪಾಠವಾಗುತ್ತದೆ.

ಮೂರನೆಯದು, ಕೇಳಿಸಿಕೊಳ್ಳುವುದು. ಆತನು ಮೋಶೆಯಿಂದ ಹಿಡಿದು ಪ್ರವಾದಿಗಳವರೆಗೆ ಗ್ರಂಥವನ್ನು ಬಿಡಿಸಿ ಹೇಳಿದನು. ನಮಗೆ ಇದರ ರೂಪ ಬೆಳಿಗ್ಗೆ ಬರೆದುಕೊಂಡ ಸಾಲಿಗೆ ಹಿಂತಿರುಗಿ, ಈಗ ಹೇಳಿಕೊಂಡ ಸಂಕಟದ ಪಕ್ಕದಲ್ಲಿ ಅದನ್ನಿಟ್ಟು ಓದುವುದು. ಒಂದು ನಿಮಿಷ ಸುಮ್ಮನೆ ಕೂತರೆ ಸಾಕು.

ನಾಲ್ಕನೆಯದು ಸೂಕ್ಷ್ಮವಾದದ್ದು. ಊರು ಹತ್ತಿರವಾದಾಗ ಆತನು ಮುಂದೆ ಹೋಗುವವನಂತೆ ತೋರಿಸಿಕೊಂಡನು. ಹೊತ್ತು ಮುಳುಗುತ್ತಾ ಬಂತು, ನಮ್ಮ ಸಂಗಡ ಇರು ಎಂದು ಅವರು ಬಲವಂತ ಮಾಡಿದರು. ಕರೆಯದೆ ಒಳಗೆ ಬರುವವನಲ್ಲ ಆತನು. ದಿನದ ಯಾವ ಭಾಗಕ್ಕೆ ನೀವು ದೇವರನ್ನು ಕರೆದಿಲ್ಲವೋ ಅದರ ಹೆಸರು ಹಿಡಿದು ಕರೆಯಿರಿ: "ಹತ್ತು ಗಂಟೆಯ ಮೀಟಿಂಗಿಗೆ ಬಾ", "ಅಪ್ಪನಿಗೆ ಔಷಧಿ ಕೊಡುವಾಗ ಜೊತೆಗಿರು".

ದಿನದ ನಡುವೆ

ಬೆಳಿಗ್ಗೆ ಕೈಕುಲುಕಿ ರಾತ್ರಿಯವರೆಗೆ ಮರೆತರೆ ಅದನ್ನು ಜೊತೆ ನಡೆದದ್ದು ಎನ್ನಲಾಗದು. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ (6:10). ಕೀರ್ತನೆ 55:17 ಸಂಜೆ, ಬೆಳಿಗ್ಗೆ, ಮಧ್ಯಾಹ್ನ ಎನ್ನುತ್ತದೆ. ಮಧ್ಯಾಹ್ನದ ಒಂದು ನಿಲುಗಡೆಯನ್ನಾದರೂ ಇಟ್ಟುಕೊಳ್ಳಿ. ಒಂದೇ ನಿಮಿಷ: ಬೆಳಗಿನ ಸಾಲು ನೆನಪಿಸಿಕೊಳ್ಳುವುದು, ಬೆಳಗಿನ ಹೆಜ್ಜೆ ಏನಾಯಿತು ನೋಡುವುದು, ಕರ್ತನ ಪ್ರಾರ್ಥನೆ ಹೇಳುವುದು. ನೆನಪಿನ ಮೇಲೆ ಬಿಟ್ಟರೆ ಇದು ಮೂರನೇ ದಿನಕ್ಕೆ ತಪ್ಪುತ್ತದೆ. ಹೇಗೂ ಮಾಡುವ ಕೆಲಸಕ್ಕೆ ಕಟ್ಟಿಹಾಕಿ, ಊಟಕ್ಕೆ ಕೈ ತೊಳೆಯುವಾಗ ಎಂದಿಟ್ಟುಕೊಂಡರೆ ಮರೆಯುವುದು ಕಷ್ಟ.

ಕಾಲಿನಿಂದಲೇ ನಡೆಯುತ್ತಾ ಪ್ರಾರ್ಥಿಸುವುದೂ ಒಳ್ಳೆಯ ಅಭ್ಯಾಸ, ಕೂತಲ್ಲಿ ನಿದ್ದೆ ಬರುವವರಿಗಂತೂ ತುಂಬ ಒಳ್ಳೆಯದು. 20 ನಿಮಿಷದ ನಡಿಗೆಯಲ್ಲಿ ಮೊದಲ 5 ನಿಮಿಷ ಮಾತಿಲ್ಲದೆ ನಡೆಯಿರಿ, ನಡುವಿನ 10 ನಿಮಿಷ ಎಮ್ಮಾಹುವಿನ ಶಿಷ್ಯರಂತೆ ಹೇಳಿಕೊಳ್ಳಿ, ಕೊನೆಯ 5 ನಿಮಿಷ ಒಂದೇ ಚಿಕ್ಕ ವಾಕ್ಯವನ್ನು ಉಸಿರಿನೊಂದಿಗೆ ಹೇಳುತ್ತಾ ಬನ್ನಿ. ಪೂರ್ವದ ಸಭೆಗಳಲ್ಲಿ ಶತಮಾನಗಳಿಂದ ಹೇಳಿಕೊಂಡು ಬಂದ ಪ್ರಾರ್ಥನೆಯೊಂದಿದೆ: "ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು." ಮೊದಲರ್ಧಕ್ಕೆ ಉಸಿರು ಒಳಗೆ, ಉಳಿದದ್ದಕ್ಕೆ ಹೊರಗೆ. ಕಿವಿಗೆ ಹಾಡು ಹಾಕಿಕೊಂಡು ಹೊರಡಬೇಡಿ, ಆರಾಧನೆಯ ಹಾಡಾದರೂ ಈ 20 ನಿಮಿಷ ಬೇಡ.

ವೇಗ

ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲನು ಎರಡು ಬೇರೆ ಮಾತು ಬಳಸುತ್ತಾನೆ. 16ನೇ ವಚನದಲ್ಲಿ ಸಾಮಾನ್ಯ ನಡಿಗೆಯ ಮಾತು. 25ರಲ್ಲಿ 'ಸ್ತೊಯ್ಖೇಯೊ', ಸಾಲಿನಲ್ಲಿ ಹೆಜ್ಜೆ ಹೊಂದಿಸಿ ನಡೆಯುವುದು. ಪವಿತ್ರಾತ್ಮನು ಹೆಜ್ಜೆ ಹಾಕುತ್ತಾನೆ, ನಾವು ಅದಕ್ಕೆ ಹೊಂದಿಸಬೇಕು.

ಮುಂದೆ ಓಡುವುದರ ಫಲ ನೋಡಬೇಕಾದರೆ ಅಬ್ರಹಾಮನ ವಯಸ್ಸುಗಳನ್ನು ಲೆಕ್ಕ ಹಾಕಿ. 75ಕ್ಕೆ ಕರೆ ಮತ್ತು ವಾಗ್ದಾನ. ಮಗು ಆಗಲಿಲ್ಲ. ಹತ್ತು ವರ್ಷ ಕಾದು, ಹೆಂಡತಿ ಸಾರಳ ಮಾತಿನಂತೆ ಅವಳ ದಾಸಿ ಹಾಗರಳ ಮೂಲಕ 86ಕ್ಕೆ ಇಷ್ಮಾಯೇಲ ಹುಟ್ಟಿದ. ಮುಂದಿನ ವಚನ ತೆರೆದರೆ ಅಬ್ರಹಾಮನಿಗೆ 99. ನಡುವಿನ 13 ವರ್ಷದ ಬಗ್ಗೆ ಒಂದು ಮಾತೂ ಇಲ್ಲ. ಆಮೇಲೆ ದೇವರು ಹೇಳಿದ್ದು, ನನ್ನ ಸನ್ನಿಧಿಯಲ್ಲಿ ನಡೆದು ನಿರ್ದೋಷಿಯಾಗಿರು ಎಂದು (ಆದಿಕಾಂಡ 17:1). ಇಸಾಕ ಹುಟ್ಟಿದ್ದು 100ಕ್ಕೆ. ವಾಗ್ದಾನ ಸರಿ ಇತ್ತು, ದಿಕ್ಕು ಸರಿ ಇತ್ತು. ಅವಸರವೊಂದರಿಂದ ಒಂದು ಮನೆಯಲ್ಲಿ ಇಬ್ಬರು ಹೆಂಗಸರೂ ಒಬ್ಬ ಹುಡುಗನೂ ನೊಂದರು.

ನೀವು ಓಡುತ್ತಿದ್ದೀರಿ ಎಂಬುದಕ್ಕೆ ಗುರುತುಗಳಿವೆ. ಇವತ್ತೇ ತೀರ್ಮಾನವಾಗಬೇಕು ಎಂಬ ಚಡಪಡಿಕೆ, ಸಲಹೆ ಕೇಳಲು ಮನಸ್ಸಿಲ್ಲದಿರುವುದು, ಸಭೆಯ ಕೆಲಸ ಹೆಚ್ಚಾಗಿ ಮನೆಯವರ ಮೇಲೆ ಸಿಡುಕುವುದು. ಇದಕ್ಕೆ ಮದ್ದು ವಾರದಲ್ಲಿ ಒಂದು ದಿನದ ನಿಜವಾದ ವಿಶ್ರಾಂತಿ, ಮತ್ತು ಹೊಸ ಹೊಣೆಗೆ ಒಪ್ಪುವ ಮುನ್ನ ಒಂದು ವಾರದ ಕಾಯುವಿಕೆ. ಐಗುಪ್ತದಿಂದ ಹೊರಟ ಜನರನ್ನು ದೇವರು ಫಿಲಿಷ್ಟಿಯರ ದೇಶದ ಹತ್ತಿರದ ದಾರಿಯಲ್ಲಿ ಕರೆದೊಯ್ಯಲಿಲ್ಲ, ಯುದ್ಧ ಕಂಡರೆ ಹಿಂತಿರುಗಿಯಾರು ಎಂದು (ವಿಮೋಚನಕಾಂಡ 13:17). ಸುತ್ತು ದಾರಿ ಶಿಕ್ಷೆಯೆಂದು ತಿಳಿಯಬೇಡಿ, ಕೆಲವೊಮ್ಮೆ ಅದು ನಮ್ಮ ಬಲ ನೋಡಿ ಆರಿಸಿದ ದಾರಿ.

ನಿಂತುಬಿಡುವವರ ತೊಂದರೆ ಬೇರೆ. ಅವರಿಗೆ ಮುಂದಿನ ಹೆಜ್ಜೆ ಗೊತ್ತಿರುತ್ತದೆ, ಒಬ್ಬರಲ್ಲಿ ಕ್ಷಮೆ ಕೇಳಬೇಕು ಅಥವಾ ಒಂದು ವ್ಯವಹಾರ ಸರಿಪಡಿಸಬೇಕು. ಅದನ್ನು ಮಾಡದೆ ಇನ್ನಷ್ಟು ಪ್ರಸಂಗ ಕೇಳುತ್ತಾರೆ, ಇನ್ನಷ್ಟು ಟಿಪ್ಪಣಿ ಬರೆಯುತ್ತಾರೆ. ತಿಳಿವಳಿಕೆ ಬೆಳೆದು ಕಾಲು ನಿಂತಲ್ಲೇ ಇರುತ್ತದೆ. ತಿಂಗಳುಗಳಿಂದ ಓದು ಸಪ್ಪೆಯಾಗಿದ್ದರೆ ಹೊಸ ಓದಿನ ಯೋಜನೆ ಹುಡುಕುವ ಮುನ್ನ, ಕೊನೆಯದಾಗಿ ಸ್ಪಷ್ಟವಾಗಿ ತಿಳಿದು ಮಾಡದೆ ಬಿಟ್ಟದ್ದು ಯಾವುದು ಎಂದು ಕೇಳಿಕೊಳ್ಳಿ.

ಚಿಕ್ಕ ಮಕ್ಕಳ ತಾಯಂದಿರಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ಅಣ್ಣ ಏಸಾವನು ಜೊತೆಗೆ ಹೋಗೋಣ ಎಂದಾಗ ಯಾಕೋಬನು ಒಪ್ಪಲಿಲ್ಲ. ಮಕ್ಕಳು ಎಳೆಯರು, ಹಾಲು ಕುಡಿಸುವ ಕುರಿ ದನಗಳಿವೆ, ಒಂದೇ ದಿನ ಅವಸರದಿಂದ ನಡೆಸಿದರೆ ಮಂದೆ ಸತ್ತುಹೋದೀತು, ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಎಂದ (ಆದಿಕಾಂಡ 33:13-14). ನಿಮ್ಮ 15 ನಿಮಿಷ ಐದಾಗಬಹುದು, ಅದೂ ಮಗು ಮಲಗಿದಾಗ. ಆ ಐದನ್ನು ಕೀಳಾಗಿ ನೋಡಬೇಡಿ.

ಕವಲುದಾರಿಯಲ್ಲಿ

ದೊಡ್ಡ ತೀರ್ಮಾನಗಳಿಗೆ ಈ ಕ್ರಮ ಅನುಸರಿಸಿ. ಸತ್ಯವೇದ ಸ್ಪಷ್ಟವಾಗಿ ಬೇಡವೆಂದದ್ದಾದರೆ ಪ್ರಾರ್ಥಿಸಿ ನೋಡುವ ಅಗತ್ಯವಿಲ್ಲ, ಬಿಟ್ಟುಬಿಡಿ. ಎರಡೂ ದಾರಿ ಸರಿಯೇ ಆಗಿದ್ದರೆ ನಿಮ್ಮನ್ನು ಬಲ್ಲ, ನಿಮ್ಮ ತೀರ್ಮಾನದಿಂದ ಲಾಭವಿಲ್ಲದ ಇಬ್ಬರು ಪ್ರೌಢ ವಿಶ್ವಾಸಿಗಳನ್ನು ಬೇರೆ ಬೇರೆಯಾಗಿ ಕೇಳಿ. ಎರಡು ವಾರ ಪ್ರತಿದಿನ ಅದಕ್ಕಾಗಿ ಪ್ರಾರ್ಥಿಸಿ, ಮನಸ್ಸು ಎತ್ತ ವಾಲಿತು ಎಂದು ದಿನವೂ ಒಂದು ಸಾಲು ಬರೆಯಿರಿ. ಒಂದು ದಿನದ ಭಾವನೆಗಿಂತ ಹದಿನಾಲ್ಕು ಸಾಲುಗಳು ಹೆಚ್ಚು ನಿಜ ಹೇಳುತ್ತವೆ. ಆಮೇಲೆ ತೀರ್ಮಾನಿಸಿ ಹೊರಡಿ.

ಅಪೊಸ್ತಲರ ಕೃತ್ಯಗಳು 16:6-10ರಲ್ಲಿ ಪೌಲನಿಗೆ ಆಸ್ಯ ಸೀಮೆಯಲ್ಲಿ ವಾಕ್ಯ ಸಾರದಂತೆ ತಡೆಯಾಯಿತು, ಬಿಥೂನ್ಯಕ್ಕೂ ಬಿಡಲಿಲ್ಲ. ಅವನು ನಡೆಯುತ್ತಲೇ ಇದ್ದ, ಸಮುದ್ರತೀರದ ತ್ರೋವಕ್ಕೆ ಬಂದ ಮೇಲೆ ಮಕೆದೋನ್ಯದ ಕರೆ ಬಂತು. ಎರಡು ಬಾಗಿಲು ಮುಚ್ಚಿದ್ದೂ ನಡೆಸುವಿಕೆಯೇ ಆಗಿತ್ತು.

"ದೇವರು ನನಗೆ ಹೇಳಿದನು, ನೀನು ಹೀಗೆ ಮಾಡಬೇಕು" ಎಂದು ಯಾರಾದರೂ ನಿಮ್ಮ ಮದುವೆ, ಹಣ, ಕೆಲಸದ ಬಗ್ಗೆ ಹೇಳಿದರೆ ತಕ್ಷಣ ಒಪ್ಪಬೇಡಿ. ಎಲ್ಲವನ್ನೂ ಪರೀಕ್ಷಿಸಿರಿ ಎಂಬುದು 1 ಥೆಸಲೋನಿಕ 5:21ರ ಆಜ್ಞೆ. ಪರೀಕ್ಷಿಸಲು ಹೊತ್ತು ಕೊಡದವರ ಮಾತನ್ನು ಅಲ್ಲಿಗೇ ಬಿಡಿ.

ರಾತ್ರಿ 10 ನಿಮಿಷ, ಮತ್ತು ಎಡವಿದ್ದು

ಮಲಗುವ ಮುನ್ನ ದಿನವನ್ನು ಹಿಂತಿರುಗಿ ನೋಡುವ ಅಭ್ಯಾಸವನ್ನು 16ನೇ ಶತಮಾನದಲ್ಲಿ ಲೊಯೊಲಾದ ಇಗ್ನೇಷಿಯಸ್ ಐದು ಹಂತಗಳಲ್ಲಿ ಕಲಿಸಿದರು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಪರಿಶೀಲನೆ, ಕ್ಷಮೆ, ನಾಳೆಯ ನಿರ್ಧಾರ. ಕೃತಜ್ಞತೆಯಿಂದಲೇ ಶುರುಮಾಡಿ, ತಪ್ಪಿನಿಂದ ಶುರುಮಾಡಿದರೆ ಅದು ವಿಚಾರಣೆಯಾಗಿ ಹೋಗುತ್ತದೆ, ವಾರದೊಳಗೆ ನೀವೇ ತಪ್ಪಿಸಿಕೊಳ್ಳತೊಡಗುತ್ತೀರಿ.

ಒಂದು ದಿನದ ಪುಟ ಇಷ್ಟಿದ್ದರೆ ಸಾಕು:

"ಸ್ತೋತ್ರ: ಜ್ವರ ಇಳಿಯಿತು. ಮಳೆ ಬರುವ ಮುನ್ನ ಮನೆ ಸೇರಿದೆವು. ಹತ್ತಿರ ಅನ್ನಿಸಿದ್ದು: ಮಧ್ಯಾಹ್ನ ಒಬ್ಬಳೇ ನಡೆಯುವಾಗ. ದೂರವಾದದ್ದು: ಸಂಜೆ ತಮ್ಮನ ಜೊತೆ ಫೋನಿನಲ್ಲಿ. ಅವನು ಹಣದ ಮಾತೆತ್ತಿದಾಗ ಹಳೆಯದನ್ನೆಲ್ಲ ಕೆದಕಿದೆ. ನಾಳೆ: ಒಂಬತ್ತಕ್ಕೆ ಮುಂಚೆ ಅವನಿಗೆ ಕರೆ ಮಾಡಿ ತಪ್ಪಾಯಿತು ಅನ್ನಬೇಕು."

ಗಮನಿಸಿ, "ಸಿಟ್ಟು ಕಡಿಮೆ ಮಾಡಬೇಕು" ಎಂದು ಇಲ್ಲಿ ಬರೆದಿಲ್ಲ. ಯಾರ ಮೇಲೆ, ಯಾವಾಗ, ಏನು ಆಡಿದೆ ಎಂದಿದೆ. ಅರಿಕೆ ಎಷ್ಟು ನಿಖರವೋ ಬಿಡುಗಡೆಯೂ ಅಷ್ಟು ನಿಖರ. 1 ಯೋಹಾನ 1:9 ಪಾಪಗಳನ್ನು ಅರಿಕೆಮಾಡುವ ಮಾತಾಡುತ್ತದೆ. "ನಾನು ಪಾಪಿ" ಎಂಬ ಒಟ್ಟಾರೆ ಮಾತಿನ ಹಿಂದೆ ಅವಿತುಕೊಳ್ಳುವುದು ಸುಲಭ.

ದೊಡ್ಡದಾಗಿ ಬಿದ್ದರೆ ಮೂರು ಕೆಲಸ. ಅದೇ ದಿನ ದೇವರಲ್ಲಿ ಹೇಳಿಕೊಳ್ಳಿ, ಒಂದು ವಾರ ಚೆನ್ನಾಗಿದ್ದು ಆಮೇಲೆ ಬರುತ್ತೇನೆ ಎನ್ನಬೇಡಿ. ಯಾರಿಗೆ ನೋವಾಯಿತೋ ಅವರಲ್ಲಿ ಕ್ಷಮೆ ಕೇಳಿ, ಆದರೆ ತಪ್ಪು ಮುಟ್ಟಿದಷ್ಟೇ ಜನರಿಗೆ. ಎಲ್ಲರೆದುರು ಹೇಳಿಕೊಂಡು ನೊಂದವರನ್ನು ಮತ್ತೆ ನೋಯಿಸಬೇಡಿ. ಮೂರನೆಯದು, ನಷ್ಟ ತುಂಬಿಕೊಡುವುದು. ಮೋಶೆಯ ಧರ್ಮಶಾಸ್ತ್ರ ತೆಗೆದುಕೊಂಡದ್ದರ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕೆಂದಿತು (ಅರಣ್ಯಕಾಂಡ 5:7), ಸುಂಕದವನಾದ ಜಕ್ಕಾಯನು ತಾನಾಗಿ ನಾಲ್ಕರಷ್ಟು ಕೊಡುತ್ತೇನೆಂದನು. ಅದೇ ತಪ್ಪು ಪದೇ ಪದೇ ಆಗುತ್ತಿದ್ದರೆ ಅದು ನಡೆಯುವ ಹೊತ್ತು, ಜಾಗ, ಒಂಟಿತನ, ದಣಿವನ್ನು ಬರೆದು ನೋಡಿ. ಬೀಳುವ ಜಾಗ ಸಾಮಾನ್ಯವಾಗಿ ಒಂದೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನು ಅರ್ಧ ಗಂಟೆ ಮುಂಚೆ ಮುಚ್ಚಬೇಕು, ತುದಿಯಲ್ಲಿ ನಿಂತು ಹೋರಾಡಿದರೆ ತಡವಾಯಿತು.

ಕಣಿವೆಯಲ್ಲಿ

ಕೀರ್ತನೆ 23ರ ಮೊದಲ ಮೂರು ವಚನ ದೇವರನ್ನು "ಆತನು" ಎನ್ನುತ್ತವೆ. ಹಸುರುಗಾವಲು ಮುಗಿದು ಕತ್ತಲೆಯ ಕಣಿವೆ ಬಂದ ನಾಲ್ಕನೇ ವಚನದಲ್ಲಿ ಮಾತು "ನೀನು" ಎಂದು ತಿರುಗುತ್ತದೆ. ದೇವರ ಬಗ್ಗೆ ಮಾತಾಡುತ್ತಿದ್ದವನು ಕಣಿವೆಯಲ್ಲಿ ದೇವರ ಜೊತೆ ಮಾತಾಡತೊಡಗುತ್ತಾನೆ.

ಏನೂ ಅನ್ನಿಸದ ದಿನಗಳಲ್ಲಿ ಪ್ರಾರ್ಥನೆಯನ್ನು ನಿಲ್ಲಿಸಬೇಡಿ, ಚಿಕ್ಕದು ಮಾಡಿ. ಸ್ವಂತ ಮಾತು ಬರದಿದ್ದರೆ ಕೀರ್ತನೆಯ ಮಾತು ಎರವಲು ತೆಗೆದುಕೊಳ್ಳಿ. ಕೀರ್ತನೆ 13ರಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲೇ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಕೀರ್ತನೆ 88 ಕತ್ತಲೆಯಲ್ಲೇ ಕೊನೆಗೊಳ್ಳುತ್ತದೆ, ಸಮಾಧಾನದ ಸಾಲಿಲ್ಲ. ಅಂಥದ್ದೂ ಪ್ರಾರ್ಥನೆಯೇ ಎಂದು ಸತ್ಯವೇದ ಅದನ್ನು ಇಟ್ಟುಕೊಂಡಿದೆ.

ದೇಹವನ್ನು ಮರೆಯಬೇಡಿ. ಪ್ರವಾದಿ ಎಲೀಯನು ಸಾಯಬೇಕೆಂದು ಬೇಡಿ ಗಿಡದ ಕೆಳಗೆ ಮಲಗಿದಾಗ ದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ; ದಾರಿ ನಿನ್ನ ಶಕ್ತಿಗೆ ಮೀರಿದೆ ಎಂಬ ಒಂದು ಮಾತು (1 ಅರಸುಗಳು 19). ಆ ಊಟದ ಬಲದಿಂದ ಅವನು 40 ದಿನ ಹೋರೇಬ್ ಬೆಟ್ಟಕ್ಕೆ ನಡೆದ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಆಸಕ್ತಿ ಹೋಗಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ, ಒಬ್ಬರೇ ಇರಬೇಡಿ. ಖಿನ್ನತೆಯನ್ನು ನಂಬಿಕೆಯ ಕೊರತೆ ಎಂದು ಕರೆಯುವವರ ಮಾತಿಗೆ ಕಿವಿಗೊಡಬೇಡಿ, ಔಷಧಿ ಬಿಡಿಸುವವರ ಮಾತಿಗಂತೂ ಬೇಡವೇ ಬೇಡ.

ಜೊತೆಗಾರರು

ಎಮ್ಮಾಹುವಿಗೆ ಹೊರಟವರು ಇಬ್ಬರು. ಯೇಸು ಹನ್ನೆರಡು ಮಂದಿಯನ್ನು ಕಳುಹಿಸಿದ್ದೂ ಇಬ್ಬಿಬ್ಬರಾಗಿ (ಮಾರ್ಕ 6:7). ವಾರದ ಸಭೆ, ಕರ್ತನ ಭೋಜನ ಇವು ನಿಮ್ಮ ಮನಸ್ಸಿನ ಹವಾಮಾನ ನೋಡಿ ಹೋಗುವಂಥವಲ್ಲ. ಎಮ್ಮಾಹುವಿನಲ್ಲಿ ಕಣ್ಣು ತೆರೆದದ್ದು ರೊಟ್ಟಿ ಮುರಿದಾಗ. ಅದರ ಜೊತೆ ಒಬ್ಬ ಜೊತೆಗಾರರು ಬೇಕು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂದಾದರೆ ಮಾತು ಬಿಚ್ಚುವುದು ಸುಲಭ. ಎರಡು ವಾರಕ್ಕೊಮ್ಮೆ ಒಂದು ಗಂಟೆ, ಮೂರು ಪ್ರಶ್ನೆ: ಎಲ್ಲಿ ಹತ್ತಿರ ಅನ್ನಿಸಿತು? ಎಲ್ಲಿ ಎಡವಿದೆ? ಕಳೆದ ಸಲ ಹೇಳಿದ ಹೆಜ್ಜೆ ಏನಾಯಿತು? ಕೇಳಿದ್ದು ಅಲ್ಲೇ ಉಳಿಯಬೇಕು. ಗುಟ್ಟು ಹೊರಬಿದ್ದ ಕಡೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ತಪ್ಪಿಹೋದ ದಿನಗಳ ನಂತರ

ನಾಲ್ಕು ದಿನ ತಪ್ಪಿರಬಹುದು, ನಾಲ್ಕು ವರ್ಷವೂ ಆಗಿರಬಹುದು. ಬಿಟ್ಟ ಅಧ್ಯಾಯಗಳನ್ನು ಒಟ್ಟಿಗೆ ಓದಿ ಲೆಕ್ಕ ಸರಿಮಾಡಲು ಹೋಗಬೇಡಿ, ಮತ್ತೆ ಬಿಡುವುದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇರಿಲ್ಲ. ಇವತ್ತಿನ ತಾರೀಖು ಬರೆದು, ಗುರುತು ಹಾಕಿದ್ದ ಜಾಗದಿಂದಲೇ ಓದಿ. ಗುರುತೂ ಕಳೆದಿದ್ದರೆ ಲೂಕ 24:13 ತೆರೆಯಿರಿ. ನೀವು ಯಾವ ದಿಕ್ಕಿಗೆ ಹೊರಟಿದ್ದೀರಿ, ಏನು ಹೊತ್ತುಕೊಂಡಿದ್ದೀರಿ ಎಂದು ಗಟ್ಟಿಯಾಗಿ ಐದು ನಿಮಿಷ ಹೇಳಿಕೊಳ್ಳಿ. ಆ ಇಬ್ಬರು ರೊಟ್ಟಿ ಮುರಿದ ಗಳಿಗೆಯಲ್ಲೇ ಎದ್ದು, ಹಗಲಿನಲ್ಲಿ ನಡೆದ 11 ಕಿಲೋಮೀಟರನ್ನು ಕತ್ತಲಲ್ಲಿ ಹಿಂದಕ್ಕೆ ನಡೆದು, ಉಳಿದವರಿಗೆ ತಿಳಿಸಲು ಯೆರೂಸಲೇಮಿಗೆ ಬಂದರು. ನೀವೂ ಓದು ಮುಗಿದ ಕೂಡಲೇ ಒಬ್ಬರಿಗೆ ಕರೆ ಮಾಡಿ, ಮತ್ತೆ ಶುರುಮಾಡಿದ್ದೇನೆ ಎಂದು ತಿಳಿಸಿ.